ಗೋಡೆಯ ಫಲಕವೂ ಕೈಯ ಕೆಲಸವೂ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರಪ್ರಾಂತದ ಪಟ್ಟಣಗಳನ್ನು ಸೇರಿದ ನಾವು ಎಚ್ಚರವಾಗಿರುವ ಹೊತ್ತಿನಲ್ಲಿ ಬಹುಪಾಲನ್ನು ಕಳೆಯುವುದು ಮನೆಯಲ್ಲಲ್ಲ. ಕಚೇರಿಯಲ್ಲಿ, ಕಾರ್ಖಾನೆಯಲ್ಲಿ, ಅಂಗಡಿಯ ಗಲ್ಲಾದ ಹಿಂದೆ, ಹೋಟೆಲಿನ ಒಲೆಯ ಮುಂದೆ. ಹೆಂಡಿರು ಮಕ್ಕಳ ಮುಖಕ್ಕಿಂತ ಜೊತೆಯ ನೌಕರರ ಮುಖವನ್ನೇ ನಾವು ಹೆಚ್ಚು ನೋಡುತ್ತೇವೆ. ಹೀಗಿರುವಾಗ ಆ ಕೆಲಸದ ಮನೆಯ ಗಾಳಿ ಹೇಗಿದೆ ಎಂಬುದು ಸಣ್ಣ ಮಾತಲ್ಲ. ಒಂದು ಕಡೆ ಹತ್ತು ಗಂಟೆ ದುಡಿದು ಬಂದವನು ಮೈ ದಣಿದಿದ್ದರೂ ಮನಸ್ಸು ಹಗುರವಾಗಿ ಈ ವಾಚನಾಲಯದ ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದುತ್ತಾನೆ. ಇನ್ನೊಂದು ಕಡೆ ಎಂಟೇ ಗಂಟೆ ದುಡಿದವನು ಮರುದಿನ ಬೆಳಗಾಗುವುದೇ ಬೇಡವೆಂದು ಹಾಸಿಗೆ ಸೇರುತ್ತಾನೆ. ಇಬ್ಬರ ಸಂಬಳವೂ ಒಂದೇ ಇರಬಹುದು. ಹಾಗಾದರೆ ಈ ವ್ಯತ್ಯಾಸಕ್ಕೆ ಕಾರಣವೇನು? ಈ ಪಾಠದ ವಿಷಯ ಅದೇ.

1. ಒಂದು ಫಲಕದ ಕಥೆ

ಮೊದಲಿಗೆ ನನ್ನ ಸ್ವಂತ ಅನುಭವವನ್ನೇ ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟು ನೀತಿ ಹೇಳಹೊರಡುವುದು ಸರಿಯಲ್ಲ.

ಹಲವು ವರ್ಷಗಳ ಹಿಂದೆ ಮುಂಬಯಿಯ ಒಂದು ವ್ಯಾಪಾರದ ಕಚೇರಿಯಲ್ಲಿ ಸರಕು ರವಾನೆಯ ಗುಮಾಸ್ತನಾಗಿದ್ದೆ. ಬಾಗಿಲಿನಿಂದ ಒಳಗೆ ಬಂದೊಡನೆ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ಒಂದು ಫಲಕವಿತ್ತು: ಸತ್ಯ, ಸೇವೆ, ಸಹಕಾರ. ಪ್ರತಿ ದಸರೆಗೂ ಅದನ್ನು ಒರೆಸಿ ಹೂಮಾಲೆ ಹಾಕುತ್ತಿದ್ದರು. ಒಮ್ಮೆ ಒಂದು ಪೆಟ್ಟಿಗೆ ತಪ್ಪು ಗಿರಾಕಿಗೆ ಹೋಯಿತು. ವಿಚಾರಣೆ ಬಂದಿತು. ತಪ್ಪು ಹಿರಿಯ ಗುಮಾಸ್ತರು ಬರೆದುಕೊಟ್ಟ ಪಟ್ಟಿಯಲ್ಲಿತ್ತು. ಆ ಪಟ್ಟಿ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಆದರೆ ಅವರು ಕೈತೋರಿಸಿದ್ದು ಪೆಟ್ಟಿಗೆ ಹೊತ್ತೊಯ್ದ ಹುಡುಗನ ಕಡೆಗೆ. ಅವನು ನಮ್ಮ ವಿಜಾಪುರದ ಕಡೆಯವನು. ವಾದಿಸುವಷ್ಟು ಹಿಂದಿಯಾಗಲಿ ಇಂಗ್ಲಿಷಾಗಲಿ ಬಾರದು. ನಾಲ್ಕು ದಿನದ ಕೂಲಿ ಮುರಿದರು. ನಾನು ತುಟಿ ಬಿಚ್ಚಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಹಸುಗೂಸು ಇತ್ತು. ಸಂಬಳದ ದಿನ ಆ ನಾಲ್ಕು ದಿನದ ಹಣವನ್ನು ಗುಟ್ಟಾಗಿ ಅವನ ಕೈಗಿಟ್ಟೆ. ಅವನು ತೆಗೆದುಕೊಂಡ. ತೆಗೆದುಕೊಂಡು, “ರೊಕ್ಕ ಬೇಕಾಗಿರಲಿಲ್ರೀ ಅಣ್ಣಾರ, ಒಂದ್ ಮಾತ್ ಬೇಕಾಗಿತ್ತು” ಎಂದ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಂದಿನಿಂದ ಆ ಕಚೇರಿಯಲ್ಲಿ ಯಾರೂ ತಪ್ಪನ್ನು ತಾವಾಗಿ ಹೇಳುವ ಗೋಜಿಗೆ ಹೋಗಲಿಲ್ಲ. ತಪ್ಪು ಕಂಡವನ ಮೇಲೆಯೇ ತಪ್ಪು ಬೀಳುತ್ತದೆಂಬುದು ಎಲ್ಲರಿಗೂ ಮನದಟ್ಟಾಗಿತ್ತು. ಮುಂದಿನ ಮಳೆಗಾಲದಲ್ಲಿ ಗೋದಾಮಿನ ಮಾಡು ಸೋರಿ ಬಟ್ಟೆಯ ಗಂಟುಗಳು ನೆನೆದು ಹಾಳಾದವು. ಮಾಡು ಸೋರುವುದು ಕನಿಷ್ಠ ಮೂವರಿಗೆ ಮೊದಲೇ ಗೊತ್ತಿತ್ತು. ಆ ಮೂವರಲ್ಲಿ ನಾನೂ ಒಬ್ಬ. ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಹುಡುಗನ ನಾಲ್ಕು ದಿನದ ಕೂಲಿ ಉಳಿಸಿದ ಯಜಮಾನರು ಅದರ ನೂರು ಪಾಲು ಕಳೆದುಕೊಂಡರು. ಫಲಕ ಮಾತ್ರ ನೆನೆಯದೆ ಗೋಡೆಯ ಮೇಲೆಯೇ ಇತ್ತು.

2. ಮೌಲ್ಯವೆಂದರೆ ಏನು?

ಇದರಿಂದ ಒಂದು ಮಾತು ತಿಳಿಯುತ್ತದೆ. ಮೌಲ್ಯವೆಂಬುದು ಬರೆದು ತೂಗುಹಾಕುವ ವಸ್ತುವಲ್ಲ. ‘ಮೌಲ್ಯ’ವೆಂದರೆ ಬೆಲೆ. ಯಾವುದಕ್ಕಾಗಿ ನಾವು ಬೆಲೆ ತೆರಲು ಸಿದ್ಧರಿದ್ದೇವೆಯೋ ಅದೇ ನಮ್ಮ ಮೌಲ್ಯ; ಬೆಲೆ ತೆರದೆ ಆಡುವುದು ಬರಿಯ ಮಾತು. ನಿಜ ಹೇಳಿದರೆ ನಷ್ಟವಾಗುವ ಹೊತ್ತಿನಲ್ಲಿ ನಿಜ ಹೇಳುವ ಮನೆಯಲ್ಲಿ ಸತ್ಯವಿದೆಯೆನ್ನಬಹುದು. ಸುಳ್ಳಿಗೆ ಸಂದರ್ಭವೇ ಬಾರದಿರುವಾಗ ನಿಜ ಹೇಳುವುದು ದೊಡ್ಡದಲ್ಲ.

ಕನ್ನಡಿಗರಾದ ನಮಗೆ ಈ ವಿಚಾರ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದುಡಿಮೆಗೆ ಕಾಯಕವೆಂದು ಹೆಸರಿಟ್ಟರು. ದುಡಿದುದನ್ನು ಹಂಚಿ ಉಣ್ಣುವುದಕ್ಕೆ ದಾಸೋಹವೆಂದರು. ಹಗ್ಗ ಹೊಸೆಯುವವನು, ದೋಣಿ ನಡೆಸುವವನು, ಬಟ್ಟೆ ಮಡಿ ಮಾಡುವವನು, ಚರ್ಮದ ಕೆಲಸದವನು, ರಾಜನ ಭಂಡಾರ ನೋಡಿಕೊಂಡವನು ಎಲ್ಲರೂ ಒಂದೇ ಕೂಟದಲ್ಲಿ ಕುಳಿತು ವಿಚಾರ ಮಾಡಿದರು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಿಮಗೆ ಗೊತ್ತೇ ಇದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಸಂತೋಷಪಡಲಿಲ್ಲ; ಇಷ್ಟೇಕೆಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು.

ಈ ಕಥೆಯಲ್ಲಿ ಗಮನಿಸತಕ್ಕದ್ದು ಎರಡು. ಬಡತನದಲ್ಲಿದ್ದೂ ಅವರು ಬೆಲೆ ತೆತ್ತರು ಎಂಬುದು ಒಂದು. ತಪ್ಪಿದವನನ್ನು ತಿದ್ದಲು ಜೊತೆಯವಳಿಗೆ ಬಾಯಿತ್ತು, ಆ ಮಾತನ್ನು ಕೇಳಲು ಅವನಿಗೆ ಕಿವಿಯಿತ್ತು ಎಂಬುದು ಇನ್ನೊಂದು. ಮೌಲ್ಯವು ಒಬ್ಬನ ಎದೆಯಲ್ಲಿ ಮಾತ್ರ ಇದ್ದರೆ ಅದು ಅವನ ಗುಣ; ಇಬ್ಬರ ನಡುವೆ ನಿಂತು ಒಬ್ಬರನ್ನೊಬ್ಬರು ಕೇಳುವ ಹಕ್ಕಾದಾಗ ಅದು ಆ ಮನೆಯ ಸಂಸ್ಕೃತಿ.

3. ಡಬ್ಬಾವಾಲರ ಉದಾಹರಣೆ

ಈಗ ಕಣ್ಣೆದುರಿನ ಒಂದು ಉದಾಹರಣೆಯನ್ನು ನೋಡೋಣ. ಮುಂಬಯಿಯಲ್ಲಿರುವವರು ಚರ್ಚ್‌ಗೇಟ್ ನಿಲ್ದಾಣದ ಹೊರಗೆ ಬಿಳಿಯ ಟೋಪಿ ಹಾಕಿ, ಉದ್ದನೆಯ ಮರದ ತೊಟ್ಟಿಲಿನಂಥ ಹಲಗೆಯನ್ನು ತಲೆಯ ಮೇಲೆ ಹೊತ್ತು ಅವಸರವಾಗಿ ನಡೆಯುವ ಡಬ್ಬಾವಾಲರನ್ನು ಕಂಡೇ ಇರುತ್ತಾರೆ.

1890ರಲ್ಲಿ ಮಹಾದೇವ ಹಾವಾಜಿ ಬಚ್ಚೆ ಎಂಬವರು ನೂರರಷ್ಟು ಜನರನ್ನು ಕೂಡಿಸಿಕೊಂಡು ಈ ಕೆಲಸವನ್ನು ಆರಂಭಿಸಿದರೆಂದು ಹೇಳುತ್ತಾರೆ. 1956ರಲ್ಲಿ ಅವರ ಸಂಸ್ಥೆ ಟ್ರಸ್ಟ್ ಆಗಿ ನೋಂದಣಿಯಾಯಿತು. 2020ಕ್ಕೆ ಮೊದಲು ಸುಮಾರು 5,000 ಮಂದಿ ದಿನವೊಂದಕ್ಕೆ ಸುಮಾರು 2 ಲಕ್ಷ ಡಬ್ಬಿಗಳನ್ನು ಮನೆಯಿಂದ ಕಚೇರಿಗೂ ಖಾಲಿ ಡಬ್ಬಿಗಳನ್ನು ಕಚೇರಿಯಿಂದ ಮನೆಗೂ ಮುಟ್ಟಿಸುತ್ತಿದ್ದರು. ಇವರಲ್ಲಿ ಹೆಚ್ಚಿನವರು ಪುಣೆ ಜಿಲ್ಲೆಯ ಮಾವಳ, ಖೇಡ, ಜುನ್ನರ, ಆಂಬೇಗಾಂವ, ಮುಳಶಿ ಮುಂತಾದ ತಾಲೂಕುಗಳ ರೈತರ ಮಕ್ಕಳು. ಅವರೂ ನಮ್ಮಂತೆಯೇ ಊರು ಬಿಟ್ಟು ಬಂದವರು. ಬಹಳ ಮಂದಿಯ ಶಾಲೆಯ ಓದು ಹೆಚ್ಚಿನದಲ್ಲ.

ಕೆಲಸ ನಡೆಯುವ ಬಗೆ ಹೀಗೆ. ಬೆಳಿಗ್ಗೆ ಒಬ್ಬನು ಸೈಕಲ್ಲಿನಲ್ಲಿ ಮನೆ ಮನೆಗೆ ಹೋಗಿ ಡಬ್ಬಿಗಳನ್ನು ಕೂಡಿಸಿ ಹತ್ತಿರದ ರೈಲು ನಿಲ್ದಾಣಕ್ಕೆ ತರುತ್ತಾನೆ. ಅಲ್ಲಿ ಹಲವರು ತಂದ ಡಬ್ಬಿಗಳನ್ನು ನೆಲದ ಮೇಲೆ ಹರಡಿ, ಮುಟ್ಟಬೇಕಾದ ನಿಲ್ದಾಣಕ್ಕೆ ತಕ್ಕಂತೆ ಬೇರ್ಪಡಿಸುತ್ತಾರೆ. ಹಲಗೆಗಳಲ್ಲಿ ತುಂಬಿ ಲೋಕಲ್ ರೈಲಿನ ಸಾಮಾನಿನ ಡಬ್ಬಿಗೆ ಏರಿಸುತ್ತಾರೆ. ಇಳಿಯುವ ನಿಲ್ದಾಣದಲ್ಲಿ ಮತ್ತೆ ಕಟ್ಟಡಕ್ಕೆ ತಕ್ಕಂತೆ ಬೇರ್ಪಡಿಸುತ್ತಾರೆ. ಊಟದ ಹೊತ್ತಿಗೆ ಡಬ್ಬಿ ಮೇಜಿನ ಮೇಲಿರುತ್ತದೆ. ಒಂದು ಡಬ್ಬಿ ಹೀಗೆ ಮೂರು ನಾಲ್ಕು ಕೈಗಳನ್ನು, ಕೆಲವೊಮ್ಮೆ ಇನ್ನೂ ಹೆಚ್ಚು ಕೈಗಳನ್ನು ದಾಟುತ್ತದೆ. ಅದರ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಕೆಲವು ಅಕ್ಷರಗಳೂ ಅಂಕಿಗಳೂ ಹೊರಡುವ ನಿಲ್ದಾಣ, ಸೇರುವ ಪ್ರದೇಶ, ಕಟ್ಟಡ, ಮಹಡಿ ಇವನ್ನು ತಿಳಿಸುತ್ತವೆ. ಗಿರಾಕಿಯ ಹೆಸರೂ ಇಲ್ಲ, ಪೂರ್ಣ ವಿಳಾಸವೂ ಇಲ್ಲ.

ಈ ಏರ್ಪಾಡನ್ನು ನೋಡಿ ದೊಡ್ಡ ದೊಡ್ಡವರು ಬೆರಗಾದರು. ಬ್ರಿಟನ್ನಿನ ಯುವರಾಜ ಚಾರ್ಲ್ಸ್ 2003ರಲ್ಲಿ ಚರ್ಚ್‌ಗೇಟಿಗೆ ಬಂದು ಇವರನ್ನು ಕಂಡರು. ಆದರೆ ಭೇಟಿಯ ಹೊತ್ತನ್ನು ಡಬ್ಬಿಗಳ ಹೊತ್ತಿಗೆ ಹೊಂದಿಸಿಕೊಳ್ಳಬೇಕಾಯಿತು. ಅಮೆರಿಕದ ಹಾರ್ವರ್ಡ್ ವ್ಯಾಪಾರ ಶಾಲೆಯವರು 2010ರಲ್ಲಿ ಇದನ್ನು ತಮ್ಮ ವಿದ್ಯಾರ್ಥಿಗಳಿಗೆ ಪಾಠವಾಗಿಟ್ಟರು. ನಮಗೆ ಮುಖ್ಯವಾದುದು ಈ ಹೊಗಳಿಕೆಯಲ್ಲ. ಇಷ್ಟು ಕೈಗಳು ಒಂದೇ ಕೈಯಂತೆ ಕೆಲಸ ಮಾಡುವುದು ಹೇಗೆ ಎಂಬುದು ಮುಖ್ಯ.

ಮೊದಲನೆಯ ಕಾರಣ, ಕೆಲಸದ ಅರ್ಥ ಎಲ್ಲರಿಗೂ ಒಂದೇ. ಇವರಲ್ಲಿ ಬಹುಮಂದಿ ಪಂಢರಪುರದ ವಿಠ್ಠಲನ ಭಕ್ತರಾದ ವಾರಕರಿಗಳು. ಹಸಿದವನಿಗೆ ಅನ್ನ ಮುಟ್ಟಿಸುವುದು ದೇವರ ಸೇವೆಯೆಂದು ಅವರು ನಂಬುತ್ತಾರೆ. ಈ ವಿಠ್ಠಲ ನಮಗೂ ಪರಕೀಯನಲ್ಲ. ಪುರಂದರದಾಸರ ಅಂಕಿತದಲ್ಲಿರುವವನೂ ಅವನೇ. ಹೊರುವುದು ಡಬ್ಬಿಯನ್ನಲ್ಲ, ಒಬ್ಬನ ಊಟವನ್ನು ಎಂದು ತಿಳಿದವನು ತಡಮಾಡುವುದಿಲ್ಲ.

ಎರಡನೆಯದು, ಪಾಲು. ಕೆಲಸಗಾರರು ಚಿಕ್ಕ ಚಿಕ್ಕ ಗುಂಪುಗಳಾಗಿದ್ದಾರೆ. ಗುಂಪಿಗೊಬ್ಬ ಅನುಭವಸ್ಥ ಮುಕಾದಮ್. ಗಿರಾಕಿಗಳಿಂದ ಬಂದ ಹಣದಲ್ಲಿ ಖರ್ಚು ಕಳೆದು ಉಳಿದುದನ್ನು ಗುಂಪಿನವರು ಬಹುಮಟ್ಟಿಗೆ ಸಮನಾಗಿ ಹಂಚಿಕೊಳ್ಳುತ್ತಾರೆ. ಹೊಸದಾಗಿ ಸೇರುವವನು ಸೈಕಲ್ಲು, ಹಲಗೆ, ಬಿಳಿಯ ಉಡುಪು ಇವಕ್ಕೆ ತನ್ನ ಬಂಡವಾಳ ಹಾಕಬೇಕು; ಕೆಲವು ಕಾಲ ಹಿರಿಯರ ಕೈಕೆಳಗೆ ಕಲಿಯಬೇಕು. ಆಮೇಲೆ ಅವನು ಕೂಲಿಯವನಲ್ಲ, ಪಾಲುದಾರ. ಮುಕಾದಮನು ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡುವವನೂ ಅಲ್ಲ. ಅವನೂ ಡಬ್ಬಿ ಬೇರ್ಪಡಿಸುತ್ತಾನೆ.

ಮೂರನೆಯದು, ಎಲ್ಲರಿಗೂ ಅನ್ವಯಿಸುವ ಸ್ವಲ್ಪವೇ ಕಟ್ಟಳೆಗಳು. ಕೆಲಸದ ಹೊತ್ತಿನಲ್ಲಿ ಕುಡಿಯಬಾರದು, ಟೋಪಿಯಿಲ್ಲದೆ ಬರಬಾರದು, ಹೇಳದೆ ರಜೆ ಹಾಕಬಾರದು. ತಪ್ಪಿದರೆ ದಂಡವುಂಟು. ಹತ್ತು ಪುಟದ ನಿಯಮಾವಳಿ ಯಾರ ನೆನಪಿನಲ್ಲಿಯೂ ಉಳಿಯದು. ಮೂರು ಕಟ್ಟಳೆ ಎಲ್ಲರಿಗೂ ಬಾಯಿಪಾಠ.

ನಾಲ್ಕನೆಯದು, ಒಬ್ಬನು ಬಿದ್ದರೆ ಇನ್ನೊಬ್ಬನು ಹೊರುವ ಏರ್ಪಾಡು. ಪ್ರತಿ ಗುಂಪಿನಲ್ಲಿಯೂ ಒಬ್ಬಿಬ್ಬರು ಹೆಚ್ಚಿನವರಿರುತ್ತಾರೆ. ಜ್ವರ ಬಂದವನ ಅಥವಾ ಸೈಕಲ್ಲು ಕೆಟ್ಟವನ ಡಬ್ಬಿಗಳನ್ನು ಅವರು ಒಯ್ಯುತ್ತಾರೆ. ಸಹಕಾರವನ್ನು ಅವರು ಬರಿಯ ಸದ್ಭಾವನೆಗೆ ಬಿಟ್ಟಿಲ್ಲ. ಅದಕ್ಕೆ ಆಳು ಇಟ್ಟಿದ್ದಾರೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. 2020ರ ಮಾರ್ಚಿನಲ್ಲಿ ಕೋವಿಡ್ ರೋಗದಿಂದಾಗಿ ರೈಲುಗಳು ನಿಂತಾಗ ಇವರ ಕೆಲಸವೂ ನಿಂತಿತು. ಹಲವರು ಊರಿಗೆ ಮರಳಿದರು. ಮುಂದೆ ಕಚೇರಿಗಳು ತೆರೆದರೂ ಅನೇಕ ನೌಕರರು ಮನೆಯಿಂದಲೇ ಕೆಲಸ ಮಾಡತೊಡಗಿದ್ದರಿಂದ ಡಬ್ಬಿಗಳ ಸಂಖ್ಯೆ ಮೊದಲಿನ ಮಟ್ಟಕ್ಕೆ ಏರಲಿಲ್ಲ. ಒಳ್ಳೆಯ ನಡತೆಯು ಕಾಲದ ಹೊಡೆತವನ್ನೆಲ್ಲ ತಡೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಡೆತ ಬಿದ್ದಾಗ ಜನ ಒಬ್ಬರನ್ನೊಬ್ಬರು ತುಳಿಯದಂತೆ ಅದು ನೋಡಿಕೊಳ್ಳಬಲ್ಲದು. ಅಷ್ಟೇ ಅದರ ಶಕ್ತಿ, ಅದೇನೂ ಕಡಿಮೆಯಲ್ಲ.

4. ಕಾಫಿ ಹೌಸಿನ ಕೆಲಸಗಾರರು

ಇನ್ನೊಂದು ಉದಾಹರಣೆ ನಮ್ಮ ನಾಡಿಗೆ ಹತ್ತಿರದ್ದು. ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿಗೆ ದೇಶದೊಳಗೆ ಗಿರಾಕಿಯನ್ನು ಬೆಳೆಸಬೇಕೆಂದು 1936ರಿಂದ ಪಟ್ಟಣಗಳಲ್ಲಿ ಕಾಫಿ ಹೌಸುಗಳು ತೆರೆದವು. ಬಳಿಕ ಕಾಫಿ ಬೋರ್ಡು ಅವುಗಳನ್ನು ನಡೆಸಿತು. 1950ರ ದಶಕದ ನಡುವಿನಲ್ಲಿ ಬೋರ್ಡು ಅವನ್ನು ಮುಚ್ಚಲು ನಿರ್ಧರಿಸಿದಾಗ ನೂರಾರು ಕೆಲಸಗಾರರು ಬೀದಿಗೆ ಬೀಳುವಂತಾಯಿತು. ಆಗ ಕಾರ್ಮಿಕ ಮುಖಂಡ ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲನೆಯ ಸಂಘ 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಹುಟ್ಟಿತು. ಅದೇ ವರ್ಷದ ಅಕ್ಟೋಬರ್ 27ರಂದು ದೆಹಲಿಯಲ್ಲಿ ಕೆಲಸಗಾರರದೇ ಕಾಫಿ ಹೌಸು ತೆರೆಯಿತು. 1958ರಲ್ಲಿ ಕೇರಳದ ತ್ರಿಶೂರಿನಲ್ಲಿ ಇನ್ನೊಂದು.

ನಿನ್ನೆಯವರೆಗೆ ಲೋಟ ತೊಳೆಯುತ್ತಿದ್ದವನು ಇಂದು ಸಂಘದ ಸದಸ್ಯ. ಆಡಳಿತ ಮಂಡಲಿಗೆ ಮತ ಕೊಡುವವನು. ಮೇಜು ಒರೆಸುವ ಕೆಲಸದಿಂದ ಆರಂಭಿಸಿದವನು ಮೆಟ್ಟಿಲು ಮೆಟ್ಟಿಲಾಗಿ ಬಡಿಸುವವನಾಗಿ, ಮುಂದೆ ಮ್ಯಾನೇಜರಾಗಿ ಏರುವುದು ಅಲ್ಲಿ ರೂಢಿಯಾಯಿತು. ಹೀಗೆ ಏರಿದವನಿಗೆ ಕೆಳಗಿನ ಕೆಲಸದ ಭಾರ ಗೊತ್ತಿರುತ್ತದೆ. ಎಲ್ಲ ಮನೆಗಳೂ ಒಂದೇ ಸಮನಾಗಿ ನಡೆಯಲಿಲ್ಲವೆಂಬುದೂ ನಿಜ. ಬಾಡಿಗೆಯ ತೊಡಕಿನಿಂದ, ನಷ್ಟದಿಂದ ಕೆಲವು ಮುಚ್ಚಿದವು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಹಳೆಯ ಕಾಫಿ ಹೌಸು 2009ರಲ್ಲಿ ಆ ಜಾಗವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಜಾಗ ಹೋದರೂ ಸಂಘ ಉಳಿಯಿತು.

5. ಕಲಿಯತಕ್ಕ ಅಂಶಗಳು

ಈ ಮೂರು ಉದಾಹರಣೆಗಳನ್ನು ಕೂಡಿಸಿ ನೋಡಿದರೆ ಕೆಲವು ಅಂಶಗಳು ದೊರೆಯುತ್ತವೆ.

(ಅ) ಮೌಲ್ಯಗಳು ಕೆಲವೇ ಇರಬೇಕು; ಅವು ದಿನದ ಕೆಲಸದ ಭಾಷೆಯಲ್ಲಿರಬೇಕು. ‘ಶ್ರೇಷ್ಠತೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ‘ಊಟದ ಹೊತ್ತಿಗೆ ಡಬ್ಬಿ ಮುಟ್ಟಬೇಕು’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

(ಆ) ಅವು ಮೇಲಿನವನಿಗೆ ಮೊದಲು ಅನ್ವಯಿಸಬೇಕು. ಮುಕಾದಮನು ಟೋಪಿ ತೆಗೆದಿಟ್ಟ ದಿನ ಯಾರ ತಲೆಯ ಮೇಲೆಯೂ ಟೋಪಿ ಉಳಿಯದು.

(ಇ) ಅವು ಲಾಭದ ಹಂಚಿಕೆಯಲ್ಲಿ ಕಾಣಬೇಕು. “ನಾವೆಲ್ಲ ಒಂದೇ ಮನೆಯವರು” ಎಂದು ಹೇಳಿ ಹೆಚ್ಚು ಹೊತ್ತು ದುಡಿಸಿ, ಓವರ್‌ಟೈಮಿನ ಹಣ ಕೇಳಿದಾಗ ಮುಖ ತಿರುಗಿಸುವ ಯಜಮಾನರೂ ಉಂಟು. ಮನೆಯೆಂದ ಮೇಲೆ ಮನೆಯ ಪಾಲೂ ಇರಬೇಕಲ್ಲವೆ? ಪಾಲಿಲ್ಲದ ಮನೆತನ ಬರಿಯ ಬಾಯುಪಚಾರ. ಇದನ್ನು ಗುರುತಿಸುವುದು ನೌಕರನ ಬುದ್ಧಿವಂತಿಕೆ. ಕೆಲಸದ ಮೇಲಿನ ಪ್ರೀತಿಯೂ ಹಕ್ಕಿನ ಅರಿವೂ ಒಂದಕ್ಕೊಂದು ವಿರೋಧವಲ್ಲ.

(ಈ) ತಪ್ಪು ಹೇಳಿದವನಿಗೆ ರಕ್ಷಣೆ ಇರಬೇಕು. ನಾಲ್ಕರಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಸೋರುವ ಮಾಡನ್ನು ಕಂಡವನು ಓಡಿಬಂದು ಹೇಳುವ ಮನೆಯಲ್ಲಿ ಸರಕು ಉಳಿಯುತ್ತದೆ.

6. ನಮ್ಮ ಕೈಯಲ್ಲಿರುವುದು

“ಇದೆಲ್ಲ ಯಜಮಾನರು ಮಾಡಬೇಕಾದ್ದು, ಮೂರನೆಯ ಮೇಜಿನ ಗುಮಾಸ್ತನಾದ ನಾನೇನು ಮಾಡಲಿ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಡೀ ಕಚೇರಿ ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಮೇಜಿನ ಸುತ್ತಲಿನ ನಾಲ್ಕು ಮೊಳ ಜಾಗ ನಮ್ಮದು.

ಅಲ್ಲಿ ನಾವು ಮಾಡಬಹುದಾದ ಕೆಲಸಗಳುಂಟು. ನಮ್ಮ ತಪ್ಪನ್ನು ಇತರರು ಕಂಡುಹಿಡಿಯುವ ಮೊದಲೇ ನಾವು ಹೇಳುವುದು. ಹೊಸಬನು ಬಂದಾಗ, ನಮಗೆ ಯಾರೂ ಕಲಿಸಲಿಲ್ಲವೆಂಬ ಸೇಡನ್ನು ಅವನ ಮೇಲೆ ತೀರಿಸಿಕೊಳ್ಳದೆ ಲೆಡ್ಜರು ಬರೆಯುವ, ಯಂತ್ರ ನಡೆಸುವ ಬಗೆಯನ್ನು ಕಲಿಸುವುದು. ಜವಾನನನ್ನೂ ಗುಡಿಸುವಾಕೆಯನ್ನೂ ಹೆಸರು ಹಿಡಿದು ಮರ್ಯಾದೆಯಿಂದ ಮಾತಾಡಿಸುವುದು. ಭಾಷೆ ಬಾರದವನ ಪರವಾಗಿ ಭಾಷೆ ಬಲ್ಲವನು ನಿಲ್ಲುವುದು. ಮುಂಬಯಿಯಲ್ಲಿ ಹಗಲು ಹೋಟೆಲುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯರ ಮಾತು ನಮ್ಮವರೆಲ್ಲರ ಬಾಯಲ್ಲಿದೆ. ಆ ಶಾಲೆಗಳನ್ನು ನಡೆಸಿದವರೂ ದುಡಿದು ದಣಿದವರೇ. ತಮ್ಮ ಸಂಜೆಯನ್ನು ಅವರು ಬೆಲೆಯಾಗಿ ತೆತ್ತರು.

ಹಾಗೆಯೇ ಒಬ್ಬನೇ ಎದ್ದು ನಿಲ್ಲುವುದು ಅಪಾಯವಾದಾಗ ಇಬ್ಬರು ಮೂವರು ಕೂಡಿ ನಿಲ್ಲುವುದನ್ನೂ ಕಲಿಯಬೇಕು. ಅಂದು ನಾನು ಪಕ್ಕದ ಮೇಜಿನವರೊಡನೆ ಆ ಪಟ್ಟಿಯ ವಿಷಯ ಮಾತಾಡಿದ್ದರೆ, ನಾವಿಬ್ಬರೂ ಕೂಡಿ ಸಾಹೇಬರ ಕೋಣೆಗೆ ಹೋಗಿದ್ದರೆ, ನಮ್ಮಿಬ್ಬರ ಕೆಲಸವನ್ನೂ ತೆಗೆಯುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಅದು ನನಗೆ ಹೊಳೆದದ್ದು ಆ ಹುಡುಗ ಕೆಲಸ ಬಿಟ್ಟು ಹೋದ ಮೇಲೆ. ಅವನೆಲ್ಲಿದ್ದಾನೋ ತಿಳಿಯದು. ಅವನಿಗೆ ಸಲ್ಲಬೇಕಾದ ಒಂದು ಮಾತನ್ನು ಇಲ್ಲಿ ತಡವಾಗಿ ಬರೆದಿದ್ದೇನೆ. ನಿಮ್ಮ ಕಚೇರಿಯಲ್ಲಿ ಅಂಥ ಮಾತಿಗಾಗಿ ಕಾದು ನಿಂತವರಿದ್ದರೆ, ನೀವು ನನ್ನಷ್ಟು ತಡಮಾಡಬೇಡಿರಿ.

ಅಭ್ಯಾಸಕೂಟದಲ್ಲಿ ವಿಚಾರಿಸಲು ಪ್ರಶ್ನೆಗಳು

1. ನಿಮ್ಮ ಕೆಲಸದ ಮನೆಯಲ್ಲಿ ಬರೆದಿಡದಿದ್ದರೂ ಎಲ್ಲರೂ ಪಾಲಿಸುವ ಒಂದು ಒಳ್ಳೆಯ ರೂಢಿ ಯಾವುದು? ಅದು ಹೇಗೆ ಬಂದಿತು?
2. ಅಲ್ಲಿ ತಪ್ಪನ್ನು ತಾನಾಗಿ ಹೇಳಿಕೊಂಡವನಿಗೆ ಕಡೆಯ ಸಲ ಏನಾಯಿತು?
3. ಡಬ್ಬಾವಾಲರ ನಾಲ್ಕು ಅಂಶಗಳಲ್ಲಿ, ಯಜಮಾನರ ಅಪ್ಪಣೆಗೆ ಕಾಯದೆ ನೌಕರರೇ ಆರಂಭಿಸಬಹುದಾದುದು ಯಾವುದು?
4. ಲಕ್ಕಮ್ಮನಂತೆ ನಿಮ್ಮನ್ನು ತಿದ್ದುವ ಜೊತೆಗಾರರು ನಿಮಗಿದ್ದಾರೆಯೆ? ನೀವು ಯಾರಿಗೆ ಹಾಗಿದ್ದೀರಿ?